ಕಳೆಯೊಳಗಿನ ಸಾರು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಮುಂಗಾರು ಹಿಡಿದು ರಾಗಿ ಪೈರು ಗೇಣುದ್ದ ಎದ್ದಿತೆಂದರೆ ಕಳೆ ತೆಗೆಯಲು ಹೆಂಗಸರು ಹೊಲಕ್ಕಿಳಿಯುತ್ತಾರೆ. ಕಿತ್ತ ಕಳೆಯಲ್ಲಿ ಬಹುಪಾಲು ಬದುವಿನ ಮೇಲೆ ಬಿದ್ದು ಒಣಗುತ್ತದೆ. ಒಂದಿಷ್ಟು ಮಾತ್ರ ಮಡಿಲು ಸೇರಿ ಸಂಜೆ ಮನೆಗೆ ಹೋಗುತ್ತದೆ. ರಾತ್ರಿ ಅದೇ ಮುದ್ದೆಯ ಜೊತೆಗೆ ಮಸ್ಸೊಪ್ಪು, ಇಲ್ಲವೇ ಬಸ್ಸಾರು. ಇದು ಬೆರಕೆ ಸೊಪ್ಪು. ಇದನ್ನು ಬಿತ್ತಿದವರಿಲ್ಲ, ನೀರು ಕಟ್ಟಿದವರಿಲ್ಲ. ಅಣ್ಣೆ, ಕೀರೆ, ಗೋಣಿ, ಹೊನಗೊನ್ನೆ, ಗಣಿಕೆ, ಕನ್ನೆ, ಕೊಮ್ಮೆ, ನೆಗ್ಗಿಲು, ಹುಳಿಸೊಪ್ಪು ಎಂದು ಅದರ ಪಟ್ಟಿ ಬೆಳೆಯುತ್ತದೆ. ಮಳೆ ಹೇಗಾಯಿತು, ನೆಲ ಕೆಂಪೋ ಕಪ್ಪೋ ಎಂಬುದರ ಮೇಲೆ ಊರಿಂದ ಊರಿಗೆ ಅದು ಬದಲಾಗುವುದೂ ಉಂಟು.

ಸಿಕ್ಕಿದ್ದನ್ನೆಲ್ಲ ತಂದು ಬೇಯಿಸುವ ಅಡುಗೆ ಎಂದುಕೊಂಡವರಿಗೆ ಇದರ ಲೆಕ್ಕಾಚಾರ ಗೊತ್ತಿಲ್ಲ. ಅಣ್ಣೆ, ಕೀರೆಯಂಥ ಸಪ್ಪೆ ಸೊಪ್ಪು ಬುಡಕ್ಕೆ ಹೆಚ್ಚು ಬೇಕು. ಹುಳಿಸೊಪ್ಪು ಒಂದು ಹಿಡಿ ಸಾಕು. ಗಣಿಕೆಯ ಕಹಿ ನಾಲಿಗೆಗೆ ಗೊತ್ತಾಗಬೇಕು, ಆದರೆ ಮುಂದೆ ಬಂದು ನಿಲ್ಲಬಾರದು. ಗೋಣಿ ಜಾಸ್ತಿಯಾದರೆ ಸಾರು ಲೋಳೆ. ಹೂ ಬಿಡುವ ಮೊದಲಿನ ಕುಡಿಯೇ ಆಗಬೇಕು, ಬಲಿತದ್ದು ನಾರು. ಈ ಅಳತೆಯನ್ನು ಯಾವ ಅಡುಗೆ ಪುಸ್ತಕವೂ ಸರಿಯಾಗಿ ಬರೆದಿಟ್ಟಿಲ್ಲ, ಬರೆಯಲು ಬರುವಂಥದ್ದೂ ಅಲ್ಲವೇನೋ. ಹೊಲದಲ್ಲಿ ಅತ್ತೆಯ ಹಿಂದೆ ಸೊಸೆ, ಅವ್ವನ ಹಿಂದೆ ಮಗಳು ಬಗ್ಗಿ ನಡೆಯುತ್ತಲೇ ಇದು ಕೈಯಿಂದ ಕೈಗೆ ಬಂದಿದೆ.

ಈಗ ನಗರದವರಿಗೂ ಇದರ ಮೇಲೆ ಕಣ್ಣು ಬಿದ್ದಿದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ಕೆರೆ ದಂಡೆಯಲ್ಲಿ ಗುಂಪು ಕಟ್ಟಿಕೊಂಡು ಕಳೆ ನೋಡುತ್ತ ನಡೆಯುವವರು ಸಿಗುತ್ತಾರೆ. ಒಳ್ಳೆಯದೇ. ಆದರೆ ಹೊಸಬರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದನ್ನು ತಿನ್ನಬಹುದಾ? ಹೊಲದ ಹೆಂಗಸಿನ ಕೈ ಕೆಲಸ ಮಾಡುವುದು ಇದಕ್ಕೆ ತಿರುಗುಮುರುಗಾಗಿ. ಅವಳ ಕಣ್ಣು ಮೊದಲು ಬೇಡದ್ದನ್ನು ಗುರುತಿಸಿ ಬದಿಗೆ ಸರಿಸುತ್ತದೆ, ಆಯುವುದು ಆಮೇಲೆ. ಬೆರಕೆ ಸೊಪ್ಪಿನ ವಿದ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಡುವ ವಿದ್ಯೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಕಲಿಯುವವರು ವಿಷದ ಗಿಡಗಳಿಂದಲೇ ಶುರು ಮಾಡಲಿ. ಅವು ದೂರದ ಕಾಡಿನಲ್ಲಿಲ್ಲ. ಕಾಂಪೌಂಡಿನ ಕಣಗಿಲೆ, ಪೂಜೆಗೆಂದೇ ಬೆಳೆಸುವ ಹಳದಿ ಕಣಗಿಲೆ, ತಿಪ್ಪೆಯ ಪಕ್ಕದ ಉಮ್ಮತ್ತಿ, ಹಿತ್ತಲಿನ ಹರಳು, ಬೇಲಿಗೆ ಹಬ್ಬಿದ ಗುಲಗಂಜಿ ಎಲ್ಲವೂ ನಾವು ದಿನವೂ ದಾಟಿ ಹೋಗುವ ಗಿಡಗಳು. ಮಲೆನಾಡಿನಲ್ಲಿ ಗೌರಿ ಹಬ್ಬದ ಹೊತ್ತಿಗೆ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಕಡುವಿಷವಿದೆ. ಗೆಣಸೆಂದು ತಪ್ಪು ತಿಳಿದು ಅದನ್ನು ತಿಂದು ಸತ್ತವರಿದ್ದಾರೆ. ಇಂಗ್ಲಿಷಿನಲ್ಲಿ ಸಿಗುವ ಕಾಡುತಿನಿಸಿನ ಕೈಪಿಡಿಗಳು ಹೆಚ್ಚಾಗಿ ಯುರೋಪು, ಅಮೆರಿಕದವು. ಅವು ಹೆದರಿಸುವ ಬೆಲ್ಲಡೋನ ನಮ್ಮ ಬಯಲಲ್ಲಿ ಬೆಳೆಯುವುದೇ ಇಲ್ಲ. ನಮ್ಮ ಕಾಲಿಗೇ ತೊಡರುವ ಅಗ್ನಿಶಿಖೆಯ ಹೆಸರು ಅವುಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಗುರುತಿಸುವುದೆಂದರೆ ಎಲೆಯ ಆಕಾರ ನೋಡುವುದಷ್ಟೇ ಎಂದು ಹೊಸಬರು ತಿಳಿಯುತ್ತಾರೆ. ಗಿಡದಲ್ಲಿ ತೀರಾ ನಂಬಬಾರದ್ದು ಎಲೆಯ ಆಕಾರವೇ. ಒಂದೇ ಗಿಡದ ಬುಡದ ಎಲೆ ಒಂದು ಥರ, ತುದಿಯದು ಇನ್ನೊಂದು ಥರ ಇರುತ್ತದೆ. ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಕೂತಿವೆಯೋ, ಒಂದಾದ ಮೇಲೊಂದು ಪಕ್ಕ ಬದಲಿಸಿವೆಯೋ ನೋಡಬೇಕು. ಕಾಂಡವನ್ನು ಬೆರಳಲ್ಲಿ ಹೊರಳಿಸಬೇಕು. ತುಳಸಿ, ತುಂಬೆ, ದೊಡ್ಡಪತ್ರೆಯ ಬಳಗದ ಎಳೆಯ ಕಾಂಡ ನಾಲ್ಕು ಮೂಲೆಯದು ಎಂದು ಬೆರಳೇ ಹೇಳುತ್ತದೆ. ಎಲೆ ಹಿಸುಕಿ ಮೂಸಬೇಕು. ಟೊಂಗೆ ಮುರಿದು ಹಾಲು ಬರುತ್ತದೆಯೇ ಎಂದು ನೋಡಬೇಕು.

ಈ ಕೊನೆಯ ಪರೀಕ್ಷೆ ಗೋಣಿ ಸೊಪ್ಪಿಗೆ ಬೇಕೇ ಬೇಕು. ಗೋಣಿ ನೆಲ ಕಚ್ಚಿ ಹರಡುತ್ತದೆ. ಕಾಂಡ ಕೆಂಪಗೆ, ನುಣ್ಣಗೆ, ನೀರು ತುಂಬಿದಂತೆ. ಎಲೆ ದಪ್ಪ, ಹೂ ಪುಟ್ಟದು, ಹಳದಿ. ಅದರ ಪಕ್ಕದಲ್ಲೇ, ಸಿಮೆಂಟಿನ ಅದೇ ಬಿರುಕಿನಲ್ಲಿ, ಅದೇ ರೀತಿ ಕೆಂಪು ಕಾಂಡ ಚಾಚಿ ಮಲಗುವ ಇನ್ನೊಂದು ಕಳೆ ಯುಫೋರ್ಬಿಯ ಜಾತಿಯದು. ಅದರ ಕಾಂಡ ತೆಳ್ಳಗೆ ದಾರದಂತಿದ್ದು, ಮುರಿದ ಕೂಡಲೇ ಬಿಳಿ ಹಾಲು ಒಸರುತ್ತದೆ. ಗೋಣಿಯನ್ನು ಮುರಿದರೆ ಬರುವುದು ಬರೀ ನೀರು. ಹಾಲು ಕಂಡರೆ ಕೈ ತೊಳೆದುಕೊಂಡು ಮುಂದೆ ಹೋಗಿ.

ಗಣಿಕೆಯದು ಬೇರೆ ಬಗೆಯ ತೊಡಕು. ಬದನೆ, ಟೊಮೆಟೊ, ಮೆಣಸಿನಕಾಯಿಗಳ ಕುಟುಂಬ ಅದು. ಉಮ್ಮತ್ತಿಯೂ ಅದೇ ಮನೆಯದು. ಎಳೆಯದರಲ್ಲಿ ಇವು ಒಂದಕ್ಕೊಂದು ಹೋಲುತ್ತವೆ, ಅದರಲ್ಲೂ ಮಳೆ ಬಿದ್ದ ಹದಿನೈದು ದಿನದ ಸಸಿಗಳು ಅನುಭವಿಗಳನ್ನೂ ತಡೆದು ನಿಲ್ಲಿಸುತ್ತವೆ. ಹೂ ಬಂದ ಮೇಲೆ ಸಂಶಯವಿಲ್ಲ: ಗಣಿಕೆಯ ಹೂ ಚಿಕ್ಕದು, ಬಿಳಿಯದು, ನಡುವೆ ಹಳದಿ ಕೊಂಬಿನಂತೆ ಕೇಸರಗಳು, ಆಮೇಲೆ ಗೊಂಚಲಾಗಿ ಬಟಾಣಿಗಿಂತ ಸಣ್ಣ ಕಾಯಿ. ಉಮ್ಮತ್ತಿಯ ಹೂ ಉದ್ದನೆಯ ತುತ್ತೂರಿ, ಕಾಯಿಯ ಮೈಯೆಲ್ಲ ಮುಳ್ಳು. ಹಾಗಾಗಿ ಮೊದಲ ವರ್ಷ ಹೂ ಕಾಣದ ಗಣಿಕೆಯನ್ನು ಮುಟ್ಟದಿರುವುದೇ ಲೇಸು. ಹಳ್ಳಿಯ ಮಕ್ಕಳು ಗಣಿಕೆಯ ಕಪ್ಪು ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ, ಹಸಿರು ಕಾಯಿಯನ್ನು ಮುಟ್ಟುವುದಿಲ್ಲ. ಕಾರಣ ಕೇಳಿದರೆ ಅವರಿಗೆ ಗೊತ್ತಿರಲಿಕ್ಕಿಲ್ಲ. ಹಸಿರು ಕಾಯಿಯಲ್ಲಿ ಸೊಲನಿನ್ ಎಂಬ ವಿಷ ಹೆಚ್ಚು.

ಇನ್ನು ಹೊನಗೊನ್ನೆ. ಕಣ್ಣಿಗೆ ತಂಪು ಎಂದು ಅಜ್ಜಿಯರು ಹೊಗಳುವ ಸೊಪ್ಪು ಇದು. ಕಾಲುವೆ ಅಂಚಿನ ತೇವದಲ್ಲಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತ ಹರಿಯುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ಇದರ ಹತ್ತಿರದ ನೆಂಟನೊಂದು ಸೇರಿಕೊಂಡಿದೆ. ದಕ್ಷಿಣ ಅಮೆರಿಕದಿಂದ ಬಂದು ನೀರಿನ ಮೇಲೆ ಚಾಪೆ ಹಾಸಿದಂತೆ ಬೆಳೆಯುವ ಈ ಕಳೆಗೆ ಇಂಗ್ಲಿಷಿನಲ್ಲಿ ಅಲಿಗೇಟರ್ ವೀಡ್ ಎನ್ನುತ್ತಾರೆ. ವ್ಯತ್ಯಾಸ ಸುಲಭ. ಹೊನಗೊನ್ನೆಯ ಬಿಳಿ ಹೂಗುಚ್ಛಕ್ಕೆ ತೊಟ್ಟಿಲ್ಲ, ಎಲೆಯ ಕಂಕುಳಲ್ಲೇ ಅಂಟಿ ಕೂತಿರುತ್ತದೆ. ಅನ್ಯದೇಶದ್ದರ ಹೂವು ಉದ್ದ ತೊಟ್ಟಿನ ತುದಿಯಲ್ಲಿ ನಿಂತಿರುತ್ತದೆ, ಕಾಂಡ ಟೊಳ್ಳು. ಆಸ್ಟ್ರೇಲಿಯಾಕ್ಕೆ ಹೋದ ಶ್ರೀಲಂಕಾದವರು ತಮ್ಮೂರಿನ ಹೊನಗೊನ್ನೆ ಎಂದುಕೊಂಡು ಹಿತ್ತಲಲ್ಲಿ ಬೆಳೆಸಿದ್ದು ಈ ಕಳೆಯನ್ನೇ ಎಂದು ಗೊತ್ತಾಗಿ, ಅಲ್ಲಿನ ಸರ್ಕಾರ ಮನೆಮನೆಗೆ ಹೋಗಿ ಬದಲಿ ಗಿಡ ಕೊಡಬೇಕಾಯಿತು. ನಮ್ಮಲ್ಲಿ ಭಯ ಗಿಡಕ್ಕಿಂತ ನೀರಿನದು. ಚರಂಡಿ ಸೇರುವ ಕೆರೆಯಲ್ಲಿ ಬೆಳೆದ ಯಾವ ಸೊಪ್ಪಾದರೂ ಸೀಸ, ಕ್ಯಾಡ್ಮಿಯಂಗಳನ್ನು ಹೀರಿಕೊಂಡಿರಬಹುದು. ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂದು ಪುಸ್ತಕ ಬರೆದದ್ದು ಮೆಣಸಿನಕಾಯಿ, ಆಲೂಗಡ್ಡೆಗಳನ್ನು ನೆನೆದು. ಆ ಪಟ್ಟಿಗೆ ಕೆರೆಯ ಈ ಕಳೆಯನ್ನು ನಾವು ಸೇರಿಸುವುದು ಬೇಡ.

ಘಟ್ಟ ಇಳಿದರೆ ಪಟ್ಟಿಯೇ ಬೇರೆ. ಆಟಿ ತಿಂಗಳ ಬಿಡದ ಮಳೆಯಲ್ಲಿ ತುಳುನಾಡಿನವರು ತಜಂಕ್ ಕುಡಿ ಚಿವುಟುತ್ತಾರೆ. ಮಲೆನಾಡಿನಲ್ಲಿ ಅದೇ ತಗಟೆ, ಚಗಟೆ. ರಸ್ತೆ ಬದಿಯಲ್ಲಿ ಮೊಳಕಾಲೆತ್ತರ ಬೆಳೆದು ಹಳದಿ ಹೂ ಬಿಡುವ ಈ ಗಿಡದ ಎಲೆದಂಟಿಗೆ ಸಾಮಾನ್ಯವಾಗಿ ಮೂರು ಜೊತೆ ಚಿಕ್ಕ ಎಲೆ. ತುದಿ ಗುಂಡಗೆ. ಸಂಜೆಯಾದರೆ ಮಡಚಿಕೊಳ್ಳುತ್ತವೆ. ಕಾಯಿ ಸಪೂರ, ಕುಡುಗೋಲಿನಂತೆ ಬಾಗಿದ್ದು. ಇದರ ಜೊತೆಯಲ್ಲೇ ಅದೇ ಹಳದಿ ಹೂವಿನ ಇನ್ನೊಂದು ಗಿಡ, ಸೆನ್ನಾ ಆಕ್ಸಿಡೆಂಟಾಲಿಸ್, ಇನ್ನೂ ಎತ್ತರಕ್ಕೆ ಬೆಳೆದಿರುತ್ತದೆ. ಅದಕ್ಕೆ ನಾಲ್ಕೈದು ಜೊತೆ ಎಲೆ, ತುದಿ ಚೂಪು, ಕಾಯಿ ಚಪ್ಪಟೆ, ಹಿಸುಕಿದರೆ ಕೆಟ್ಟ ವಾಸನೆ. ಈ ವ್ಯತ್ಯಾಸ ಸಸ್ಯಶಾಸ್ತ್ರದ ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷವರ್ಷವೂ ಚಿಕ್ಕ ಮಕ್ಕಳನ್ನು ಕೊಲ್ಲುತ್ತಿದ್ದ ಕಾಯಿಲೆಯನ್ನು ಬಹಳ ಕಾಲ ವೈರಸ್ಸಿನ ಮೆದುಳು ಜ್ವರವೆಂದೇ ತಿಳಿಯಲಾಗಿತ್ತು. ಮಕ್ಕಳು ಆಟವಾಡುತ್ತ ತಿಂದ ಈ ಗಿಡದ ಕಾಳೇ ಅದಕ್ಕೆ ಕಾರಣ ಎಂದು ವೈದ್ಯರು 2007ರ ಹೊತ್ತಿಗೆ ತೋರಿಸಿಕೊಟ್ಟರು. ಒಡಿಶಾದ ಮಲ್ಕಾನ್‌ಗಿರಿಯಲ್ಲಿ 2016ರಲ್ಲಿ ಮಕ್ಕಳು ಸತ್ತಾಗಲೂ ತಜ್ಞರ ಬೆರಳು ಇದೇ ಗಿಡದ ಕಡೆ ತಿರುಗಿತು. ತಜಂಕ್ ಚಿವುಟುವ ಅಜ್ಜಿಯರು ಎಳೆಯ ಕುಡಿಯನ್ನಷ್ಟೇ ತಂದು ಪಲ್ಯ ಮಾಡುತ್ತಾರೆ, ಕಾಯಿ ಕಟ್ಟಿದ ಗಿಡದ ಹತ್ತಿರ ಸುಳಿಯುವುದಿಲ್ಲ.

ಗಿಡ ಸರಿಯಾದರೂ ಅಡುಗೆ ತಪ್ಪಬಹುದು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಪತ್ರೊಡೆಗೆ ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ಕೆರೆಯುತ್ತದೆ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸುವುದು ಅದರಲ್ಲಿರುವ ಸಯನೈಡ್ ಅಂಶ ಕಳೆಯಲೆಂದು. ಹಿತ್ತಲ ಚಕ್ರಮುನಿಯ ವಿಷಯ ಇನ್ನೂ ವಿಚಿತ್ರ. ವಿಟಮಿನ್ ಸೊಪ್ಪು ಎಂದು ನರ್ಸರಿಯವರು ಮಾರುವ ಇದನ್ನು ನಾವು ಬೇಯಿಸಿ, ಬೇರೆ ಸೊಪ್ಪಿನ ಜೊತೆ, ಆಗೊಮ್ಮೆ ಈಗೊಮ್ಮೆ ತಿನ್ನುತ್ತೇವೆ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಿಕೊಳ್ಳಲು ಜನ ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದರು. ಅನೇಕರ ಶ್ವಾಸಕೋಶ ಸರಿಪಡಿಸಲಾಗದಂತೆ ಹಾಳಾಯಿತು. ಬೆಳಗ್ಗೆದ್ದು ಹಸಿರು ರಸ ಕುಡಿಯುವ ಈಗಿನ ಗೀಳಿನವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಸೊಪ್ಪನ್ನು ಬೇಯಿಸಿ, ಹಲವು ಸೊಪ್ಪು ಬೆರೆಸಿ, ಸ್ವಲ್ಪ ಸ್ವಲ್ಪ ತಿನ್ನುವ ನಮ್ಮ ಹಳೆಯ ಕ್ರಮದಲ್ಲಿ ಯಾವ ಒಂದು ಗಿಡದ ದೋಷವೂ ಹೊಟ್ಟೆಯಲ್ಲಿ ಹೆಚ್ಚಾಗುವುದಿಲ್ಲ. ಮೂತ್ರಪಿಂಡದಲ್ಲಿ ಕಲ್ಲು ಇರುವವರು ಮಾತ್ರ ಆಕ್ಸಲೇಟ್ ಜಾಸ್ತಿಯಿರುವ ಗೋಣಿ, ಹುಳಿಸೊಪ್ಪುಗಳಿಂದ ದೂರವಿರಬೇಕು. ಅಣಬೆಯ ಮಾತನ್ನು ನಾನು ಬೇಕೆಂದೇ ಎತ್ತಿಲ್ಲ, ಹೊಸಬರಿಗೆ ಅದು ಬೇಡ.

ಮೊಬೈಲಿನಲ್ಲಿ ಚಿತ್ರ ತೆಗೆದರೆ ಗೂಗಲ್ ಲೆನ್ಸ್ ಒಂದು ಹೆಸರು ಹೇಳುತ್ತದೆ. ಐ-ನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದರೆ ತಿಳಿದವರು ತಿದ್ದುತ್ತಾರೆ, ಅದು ಹೆಚ್ಚು ನಂಬಿಕೆಗೆ ಯೋಗ್ಯ. ಯಂತ್ರದ ಉತ್ತರವನ್ನು ಊಹೆ ಎಂದು ಇಟ್ಟುಕೊಂಡು ಅದರ ಲ್ಯಾಟಿನ್ ಹೆಸರು ಬರೆದುಕೊಳ್ಳಿ. ಊರಿನ ಹೆಸರಷ್ಟೇ ಸಾಲದು. ಬ್ರಾಹ್ಮಿ ಎಂದು ಒಬ್ಬರು ಒಂದೆಲಗವನ್ನು ತೋರಿಸಿದರೆ, ಇನ್ನೊಬ್ಬರು ಬೇರೆಯೇ ಕುಟುಂಬದ ನೀರುಗಿಡವನ್ನು ತೋರಿಸುತ್ತಾರೆ. ಓದುವ ಹಸಿವಿದ್ದವರಿಗೆ ಸ್ವಾಮಿಯವರ ‘ಹಸುರು ಹೊನ್ನು’ ಇದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟ್ರು, ಚಿತ್ರಗಳನ್ನೂ ತಾವೇ ಬರೆದು ಹಾಸ್ಯದಲ್ಲಿ ಪಾಠ ಹೇಳಿದ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡವನ್ನು ಹೇಗೆ ನೋಡಬೇಕು ಎಂಬುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಸಿಕ್ಕಿಲ್ಲ.

ಆದರೂ ಪುಸ್ತಕ, ಫೋನು ಎರಡೂ ಮಾಡಲಾಗದ ಕೆಲಸ ಒಂದಿದೆ. ನಿನ್ನೆ ಆ ಬದುವಿಗೆ ಕಳೆನಾಶಕ ಹೊಡೆದರೋ ಇಲ್ಲವೋ ಎಂದು ಹೇಳಬಲ್ಲವರು ಹೊಲದವರು ಮಾತ್ರ. ಕೂಲಿ ಸಿಗದೆ ಕಳೆನಾಶಕಕ್ಕೆ ಮೊರೆಹೋದ ಹೊಲಗಳಲ್ಲಿ ಬೆರಕೆ ಸೊಪ್ಪು ಈಗಾಗಲೇ ಕಮ್ಮಿಯಾಗಿದೆ. ಉಳಿದಲ್ಲೂ ಕೇಳದೆ ಕೀಳಬಾರದು. ಹೆದ್ದಾರಿ ಅಂಚು, ನಾಯಿ ಅಡ್ಡಾಡುವ ಪಾರ್ಕು, ಕಾರ್ಖಾನೆ ಹಿಂಭಾಗ ಬೇಡವೇ ಬೇಡ. ಅಭಯಾರಣ್ಯದೊಳಗೆ ಕೈಹಾಕುವುದು ಅಪರಾಧ.

ಶುರು ಮಾಡಲು ಜಾಗ ನಿಮ್ಮ ಕುಂಡಗಳೇ. ಗೋಣಿ, ಹುಳಿಸೊಪ್ಪು, ಕೀರೆಗಳು ಕರೆಯದೆಯೇ ಬಂದಿರುತ್ತವೆ. ಕಿತ್ತೆಸೆಯದೆ ಬಿಟ್ಟು, ಮೊಳಕೆಯಿಂದ ಬೀಜದವರೆಗೆ ನೋಡಿ. ಈ ಮಳೆಗಾಲಕ್ಕೆ ಮೂರು ಗಿಡ ಸಾಕು. ಸಂತೆಯಲ್ಲಿ ಬೆರಕೆ ಸೊಪ್ಪಿನ ಕಂತೆ ಹರಡಿ ಕೂತ ಅಮ್ಮನಿಂದ ಒಂದು ಕಂತೆ ಕೊಂಡು, ಚೌಕಾಸಿ ಮಾಡದೆ, ಅದನ್ನು ಬಿಡಿಸಿ ಒಂದೊಂದರ ಹೆಸರು ಕೇಳಿ. ಗೊತ್ತಿಲ್ಲದ ಗಿಡವನ್ನು ‘ಸ್ವಲ್ಪ ರುಚಿ ನೋಡಿ’ ಪರೀಕ್ಷಿಸುವ ಸಾಹಸ ಯಾರೂ ಮಾಡಬಾರದು, ಗುಲಗಂಜಿಯ ಜಗಿದ ಒಂದು ಕಾಳೂ ಪ್ರಾಣಕ್ಕೆ ಕುತ್ತಾಗಬಹುದು. ಮಗುವೋ ದೊಡ್ಡವರೋ ಏನನ್ನಾದರೂ ತಪ್ಪಿ ತಿಂದರೆ ವಾಂತಿ ಮಾಡಿಸಲು, ಉಪ್ಪುನೀರು ಕುಡಿಸಲು ಹೋಗಬೇಡಿ. ತಿಂದ ಗಿಡದ ಎಲೆ, ಹೂ, ಕಾಯಿ ಇರುವ ಒಂದು ಟೊಂಗೆಯನ್ನು ಮುರಿದುಕೊಂಡು ನೇರ ಆಸ್ಪತ್ರೆಗೆ ಹೋಗಿ, ಟೊಂಗೆಯನ್ನು ವೈದ್ಯರ ಕೈಗೆ ಕೊಡಿ.