ಕುಡಿತ ಬಿಡಿಸುವ ಮಾತಿಗೆ ಹಣ ಹಾಕುವವರು ಯಾರು?

ಮಂಗಳೂರಿನಿಂದ ಬರುವ ಹೆದ್ದಾರಿ ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿದ ಮೇಲೆ ಸಿಗುವ ಪೇಟೆ ಮೆಲ್ಕಾರ್. ಇಲ್ಲಿಂದ ಒಂದು ದಾರಿ ಮುಡಿಪಿನ ಕಡೆಗೆ ಒಡೆಯುತ್ತದೆ, ಹೆದ್ದಾರಿ ಕಲ್ಲಡ್ಕಕ್ಕೆ ಮುಂದುವರಿಯುತ್ತದೆ. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಇಂಥ ಪೇಟೆಗಳಲ್ಲಿ ಯಕ್ಷಗಾನ, ನೇಮ, ಬ್ರಹ್ಮಕಲಶದ ಬ್ಯಾನರುಗಳ ನಡುವೆ ಆಗಾಗ ಇನ್ನೊಂದು ಬ್ಯಾನರೂ ಕಾಣಸಿಗುತ್ತದೆ: ಮದ್ಯವರ್ಜನ ಶಿಬಿರ. ಓದುಗರಲ್ಲಿ ಹಲವರು ಇದಕ್ಕೆ ದೇಣಿಗೆ ಕೊಟ್ಟಿರಬಹುದು. ಕೆಲವರ ಮನೆಯವರು ಶಿಬಿರಕ್ಕೆ ಹೋಗಿ ಬಂದಿರಲೂಬಹುದು.

ಈ ಶಿಬಿರಗಳ ಮೂಲ ಬೆಳ್ತಂಗಡಿಯಲ್ಲಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಆ ತಾಲೂಕಿನಲ್ಲಿ ಕೆಲಸ ಶುರುಮಾಡಿತು. ಹೆಂಗಸರು ಬೀಡಿ ಕಟ್ಟಿ ಉಳಿಸಿದ ದುಡ್ಡು ಸಂಜೆಯ ಹೊತ್ತಿಗೆ ಗಡಂಗಿಗೆ ಸೋರಿಹೋಗುವ ಕಡೆ ಯಾವ ಅಭಿವೃದ್ಧಿಯೂ ನಿಲ್ಲದು. 1990ರ ದಶಕದ ಆರಂಭದಲ್ಲಿ ಜನಜಾಗೃತಿ ವೇದಿಕೆ ಹುಟ್ಟಿಕೊಂಡಿತು, ಊರೂರಲ್ಲಿ ಶಿಬಿರ ನಡೆಸುವ ಕ್ರಮ ಬಂತು. ಊರಿನವರೇ ಒಂದು ವ್ಯವಸ್ಥಾಪನಾ ಸಮಿತಿ ಮಾಡಿಕೊಳ್ಳುತ್ತಾರೆ. ಶಾಲೆಯೋ ಸಭಾಭವನವೋ ಗೊತ್ತಾಗುತ್ತದೆ. ಅಕ್ಕಿ, ತೆಂಗಿನಕಾಯಿ, ತರಕಾರಿ ದಾನವಾಗಿ ಬರುತ್ತದೆ. ಸುಮಾರು ಎಂಟು ದಿನ ಕುಡಿತದ ಚಟವಿರುವವರು ಅಲ್ಲಿಯೇ ಉಳಿಯುತ್ತಾರೆ. ವೈದ್ಯರ ತಪಾಸಣೆ, ಯೋಗ, ಭಜನೆ, ಗುಂಪಿನಲ್ಲಿ ಮಾತುಕತೆ, ಒಂದು ದಿನ ಮನೆಯವರನ್ನೂ ಕರೆಸಿ ಕೂರಿಸುವುದು, ಎಲ್ಲ ಉಂಟು. ಶಿಬಿರ ಮುಗಿದವರು ನವಜೀವನ ಸಮಿತಿ ಎಂಬ ಗುಂಪಿನಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಇಂಥ ಶಿಬಿರಗಳ ಸಂಖ್ಯೆ ಸಾವಿರ ದಾಟಿ ಎಷ್ಟೋ ಮುಂದೆ ಹೋಗಿದೆ.

ಇದರಲ್ಲಿ ಚಿಕಿತ್ಸೆ ಎಂಬುದು ಎಲ್ಲಿದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗುತ್ತದೆ, ನಿದ್ರೆ ಬಾರದು, ಕೆಲವರಿಗೆ ಫಿಟ್ಸ್ ಬಂದು ಸನ್ನಿ ಹಿಡಿದು ಜೀವಕ್ಕೇ ಅಪಾಯವಾಗುತ್ತದೆ. ಈ ಕೆಲವು ದಿನಗಳಿಗೆ ವೈದ್ಯರೂ ಮಾತ್ರೆಯೂ ಬೇಕೇ ಬೇಕು, ಮನೆಯಲ್ಲಿ ಕಟ್ಟಿಹಾಕಿ ಬಿಡಿಸುವ ಸಾಹಸ ಯಾರೂ ಮಾಡಬಾರದು. ಆದರೆ ಅದು ಕೆಲಸದ ಸಣ್ಣ ಪಾಲು. ಮೈಯಿಂದ ಮದ್ಯ ಇಳಿದ ಮೇಲೂ ಸಂಜೆ ಆರು ಗಂಟೆಯಾಗುತ್ತದೆ, ಅದೇ ಜಂಕ್ಷನ್, ಅದೇ ಗೆಳೆಯರು, ಕೈಯಲ್ಲಿ ಅದೇ ದಿನಗೂಲಿ. ಆಗ ಏನು ಮಾಡಬೇಕು, ಕರೆದವನಿಗೆ ಹೇಗೆ ಇಲ್ಲ ಎನ್ನಬೇಕು, ಆಸೆ ಏಳುವ ಅರ್ಧ ಗಂಟೆಯನ್ನು ಹೇಗೆ ದಾಟಬೇಕು, ಸಾಲದ ಚಿಂತೆಗೆ ಬಾಟಲಿಯಲ್ಲದೆ ಬೇರೆ ದಾರಿ ಯಾವುದು ಎಂಬುದನ್ನು ಕಲಿಸುವುದು ಮಾತು ಮತ್ತು ಅಭ್ಯಾಸದಿಂದ. ಇದಕ್ಕೆ ತಜ್ಞರು ವರ್ತನಾ ಚಿಕಿತ್ಸೆ ಎನ್ನುತ್ತಾರೆ.

ಹಣದ ಪ್ರಶ್ನೆ ಏಳುವುದು ಇಲ್ಲಿ. ಮಾತ್ರೆಗೆ ಒಬ್ಬ ಒಡೆಯನಿರುತ್ತಾನೆ. ಡೈಸಲ್ಫಿರಾಂ ಎಂಬ ಔಷಧ ತಿಂದವನು ಕುಡಿದರೆ ವಾಂತಿ, ಎದೆಬಡಿತ ಶುರುವಾಗುತ್ತದೆ. ಇದನ್ನು 1948ರಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸನ್ ಎಂಬವರು ಲೋಕಕ್ಕೆ ತಿಳಿಸಿದರು. ಅಂಗಡಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಮಾರಿ ಲಾಭ ಮಾಡುವವರಿದ್ದಲ್ಲಿ ಪರೀಕ್ಷೆಗೆ ಹಣ ತಾನಾಗಿ ಬರುತ್ತದೆ. ಮಾತಿಗೆ ಪೇಟೆಂಟ್ ಇಲ್ಲ. ಹೆಂಡತಿ, ಗಂಡ, ಸಲಹೆಗಾರ ಮೂವರು ಕೂತು ಆಡುವ ಮುಕ್ಕಾಲು ಗಂಟೆಯ ಮಾತುಕತೆಯನ್ನು ಪ್ಯಾಕೆಟ್ ಮಾಡಿ ಯಾರೂ ಮಾರಲಾರರು. ಆದ್ದರಿಂದ ಅದು ಫಲ ಕೊಡುತ್ತದೋ ಇಲ್ಲವೋ ಎಂದು ನೋಡುವ ಖರ್ಚನ್ನು ಸರಕಾರವೋ ಧರ್ಮಸಂಸ್ಥೆಯೋ ಹೊರಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಇದು ತಿಳಿಯದ ಸಂಗತಿಯಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದು ಎಂದರೆ ಮೈಲುತುತ್ತು ಮತ್ತು ಸುಣ್ಣ, ಅದೂ ಯಾರ ಸ್ವತ್ತೂ ಅಲ್ಲ. 1910ರ ಸುಮಾರಿಗೆ ಅದನ್ನು ಅಡಿಕೆ ತೋಟಗಳಿಗೆ ಶಿಫಾರಸು ಮಾಡಿದವರು ಮೈಸೂರು ಸರಕಾರದ ಸಂಬಳದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮುಂದೆ 1956ರಲ್ಲಿ ಇದೇ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರ ಸರಕಾರವು ಅಡಿಕೆ ಸಂಶೋಧನೆಗೆಂದೇ ಕೇಂದ್ರ ತೆರೆಯಿತು. ಅಡಿಕೆ ಮರದ ರೋಗಕ್ಕೆ ಸಾರ್ವಜನಿಕ ಹಣದಿಂದ ಸಂಶೋಧನೆ ನಡೆಯುವುದು ನಮಗೆ ಸಹಜ ಎನಿಸುತ್ತದೆ. ಮರ ಹತ್ತುವವನ ಕುಡಿತಕ್ಕೂ ಅದೇ ಬಗೆಯ ಸಂಶೋಧನೆ ಬೇಕು ಎಂದರೆ ಮಾತ್ರ ನಾವು ಹುಬ್ಬೇರಿಸುತ್ತೇವೆ.

ಹುಬ್ಬೇರಲು ಕಾರಣ ಹಳೆಯದು. ಕುಡಿತವನ್ನು ನಾವು ಬಹುಕಾಲ ನೀತಿ ಮತ್ತು ಕಾನೂನಿನ ವಿಷಯವೆಂದೇ ಕಂಡವರು. ಕುದ್ರೋಳಿಯಲ್ಲಿ 1912ರಲ್ಲಿ ದೇವಾಲಯ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಮದ್ಯ ತಯಾರಿಸುವುದನ್ನೂ ಕುಡಿಯುವುದನ್ನೂ ಬಿಡಲು ಹೇಳಿದರು. ಶೇಂದಿ ಇಳಿಸುವುದೇ ಕಸುಬಾಗಿದ್ದ ಜನರ ನಡುವೆ ಹೇಳಿದ ಮಾತದು, ಅದರ ತೂಕ ಊಹಿಸಬಹುದು. ದಕ್ಷಿಣ ಕನ್ನಡ ಮದ್ರಾಸು ಪ್ರಾಂತದಲ್ಲಿದ್ದಾಗ, 1948ರ ಹೊತ್ತಿಗೆ, ಇಡೀ ಪ್ರಾಂತಕ್ಕೆ ಪಾನನಿಷೇಧ ಬಂತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1967ರಲ್ಲಿ ಆ ರಾಜ್ಯ ನಿಷೇಧವನ್ನು ತೆಗೆಯಿತು. 2007ರ ಜುಲೈಯಲ್ಲಿ ಕರ್ನಾಟಕ ಸಾರಾಯಿಯನ್ನು ಮಾತ್ರ ನಿಲ್ಲಿಸಿತು. ಉಪದೇಶ, ಕಾನೂನು ಎರಡೂ ಬಂದು ಹೋದವು. ಚಟ ಹಿಡಿದವನಿಗೆ ಯಾವ ಮಾತು, ಎಷ್ಟು ದಿನ, ಯಾರ ಬಾಯಿಂದ ಹೇಳಿದರೆ ನಾಟುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅಮೆರಿಕದಲ್ಲಿ ಇದಕ್ಕೆ ಸರಕಾರವೇ ಹಣ ಹಾಕಿತು. ಅಲ್ಲಿ ಮದ್ಯದ ಚಟಕ್ಕೆ ಒಂದು, ಇತರ ಮಾದಕ ವಸ್ತುಗಳಿಗೆ ಒಂದು ರಾಷ್ಟ್ರೀಯ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಹುಟ್ಟಿಕೊಂಡವು. ಮೊದಲನೆಯ ಸಂಸ್ಥೆ 1989ರಲ್ಲಿ ಆರಂಭಿಸಿದ ಪ್ರಾಜೆಕ್ಟ್ ಮ್ಯಾಚ್‌ನಲ್ಲಿ 1,726 ಮಂದಿಯನ್ನು ಮೂರು ಬಗೆಯ ಮಾತಿನ ಚಿಕಿತ್ಸೆಗೆ ಹಂಚಿ ನೋಡಿದರು. ಖರ್ಚು ಸುಮಾರು 2.7 ಕೋಟಿ ಡಾಲರ್. ಯಾವ ಸ್ವಭಾವದವನಿಗೆ ಯಾವ ಚಿಕಿತ್ಸೆ ಹೊಂದುತ್ತದೆ ಎಂದು ಕಂಡುಕೊಳ್ಳುವುದು ಉದ್ದೇಶವಾಗಿತ್ತು. 1997ರಲ್ಲಿ ಬಂದ ಫಲಿತಾಂಶ ನಿರೀಕ್ಷೆಯನ್ನೇ ತಲೆಕೆಳಗು ಮಾಡಿತು: ಮೂರೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಹಣ ವ್ಯರ್ಥವಾಯಿತು ಎಂದವರಿದ್ದರು. ತಪ್ಪು ನಂಬಿಕೆಯೊಂದು ಕಳಚಿದ್ದೂ ಲಾಭವೇ ಎಂದು ನನಗನಿಸುತ್ತದೆ.

ಆದರೆ ಅಮೆರಿಕದ ಫಲಿತಾಂಶವನ್ನು ಬಂಟ್ವಾಳಕ್ಕೆ ಹೊತ್ತು ತರಲಾಗದು. ಅಲ್ಲಿ ಮಾತಾಡುವವನು ಓದಿದ ಮನಃಶಾಸ್ತ್ರಜ್ಞ, ಅಂಥವರು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎಲ್ಲಿ ಸಿಗುತ್ತಾರೆ? ಈ ಕೊರತೆಯನ್ನೇ ಇಟ್ಟುಕೊಂಡು ನೆರೆಯ ಗೋವಾದಲ್ಲಿ ಒಂದು ಪ್ರಯತ್ನ ನಡೆಯಿತು. ಸಂಗತ್ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟಿನ ಹಣದಿಂದ ಮದ್ಯದ ತೊಂದರೆಗೆಂದೇ ಒಂದು ಸಲಹಾಕ್ರಮ ಕಟ್ಟಿದರು. ಮಾನಸಿಕ ಚಿಕಿತ್ಸೆಯ ಹಿನ್ನೆಲೆಯೇ ಇಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ಒಬ್ಬೊಬ್ಬ ರೋಗಿಯನ್ನು ಹೆಚ್ಚೆಂದರೆ ನಾಲ್ಕು ಸಲ ಕೂರಿಸಿ ಮಾತಾಡಿಸಿದರು. 10 ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ ನಡೆಯಿತು. ಯಾರಿಗೆ ಈ ಸಲಹೆ, ಯಾರಿಗೆ ಎಂದಿನ ವೈದ್ಯರ ಆರೈಕೆ ಮಾತ್ರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಮೂರು ತಿಂಗಳ ಮೇಲೆ ನೋಡಿದರೆ ಸಲಹೆ ಪಡೆದವರಲ್ಲಿ 100ಕ್ಕೆ 36 ಮಂದಿ ಅಪಾಯದ ಕುಡಿತದಿಂದ ಹೊರಬಂದಿದ್ದರು, ಉಳಿದವರಲ್ಲಿ 26. ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ವರ್ಷದ ಕೊನೆಗೂ ಫಲ ಉಳಿದಿತ್ತು.

ಎರಡು ಸಂಗತಿಗಳನ್ನು ಮರೆಯಬಾರದು. ಸಲಹೆ ಪಡೆಯದವರಲ್ಲೂ 26 ಮಂದಿ ಸುಧಾರಿಸಿದ್ದರು. ಚೀಟಿ ಎತ್ತಿ ಹೋಲಿಸದೆ ಇದ್ದಿದ್ದರೆ 36ಕ್ಕೆ 36 ಮಂದಿಯ ಕೀರ್ತಿಯೂ ಸಲಹೆಗೇ ಹೋಗುತ್ತಿತ್ತು. ಇನ್ನೊಂದು, ಹೆಂಡತಿಯ ಮೇಲಿನ ಹಿಂಸೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಂಡ ಕುಡಿತ ಬಿಟ್ಟರೆ ಮನೆ ತಣ್ಣಗಾಗುತ್ತದೆ ಎಂದು ನಂಬಿ ಶಿಬಿರಕ್ಕೆ ಕಳುಹಿಸುವ ಹೆಂಗಸರಿಗೆ ಇದು ಗೊತ್ತಿರಬೇಕಾದ ವಿಷಯ. ಕೇಳಿ, ಎಣಿಸಿ ನೋಡಿದ್ದರಿಂದ ಮಾತ್ರ ತಿಳಿದ ವಿಷಯವೂ ಹೌದು.

ಗೋವಾದ ಪರೀಕ್ಷೆಗೆ ತೀರಾ ಚಟಕ್ಕೆ ಬಿದ್ದವರನ್ನು ತೆಗೆದುಕೊಂಡಿರಲಿಲ್ಲ. ನಮ್ಮ ಶಿಬಿರಗಳಿಗೆ ಬರುವವರಲ್ಲಿ ಅಂಥವರು ಬಹಳ. ಹಾಗಾಗಿ ಆ ಉತ್ತರ ಇಲ್ಲಿಗೆ ಸಾಲದು. ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಮದ್ರಾಸಿನ ಟಿ.ಟಿ.ಕೆ. ಆಸ್ಪತ್ರೆಯ ಶಾಂತಿ ರಂಗನಾಥನ್ ಶಿಬಿರ ನಡೆಸಿ, ಅನುಭವವನ್ನು 1994ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದಿದ್ದರು. ಹಳ್ಳಿಯ ಶಿಬಿರವೂ ವೈದ್ಯಶಾಸ್ತ್ರದ ವಿಷಯ ಎಂದು ಅದರಿಂದ ಗೊತ್ತಾಯಿತು.

ನಮ್ಮ ದೇಶದಲ್ಲಿ ವ್ಯಸನಕ್ಕೆಂದು ಹಣವೇ ಇಲ್ಲವೆಂದಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ವ್ಯಸನಮುಕ್ತಿ ಕೇಂದ್ರಗಳಿಗೆ 1980ರ ದಶಕದಿಂದ ಅನುದಾನ ಕೊಡುತ್ತ ಬಂದಿದೆ. ಅದು ಮುಖ್ಯವಾಗಿ ಸಂಬಳ, ಬಾಡಿಗೆ, ಊಟ, ಔಷಧದ ಲೆಕ್ಕಕ್ಕೆ. ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ದೊಡ್ಡ ಕೇಂದ್ರವೇ ಇದೆ. ಆದರೆ ಹೊರೆ ನೋಡಿ: ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ತೊಂದರೆ ಇರುವವರಲ್ಲಿ 100ಕ್ಕೆ 86 ಮಂದಿಗೆ ಚಿಕಿತ್ಸೆ ತಲಪಿಲ್ಲ. ಇತ್ತ ಕರ್ನಾಟಕದ ಅಬಕಾರಿ ಆದಾಯ ಈಚಿನ ವರ್ಷಗಳಲ್ಲಿ 30,000 ಕೋಟಿ ರೂಪಾಯಿ ದಾಟಿದೆ. ಕುಡಿತದಿಂದ ರಾಜ್ಯಕ್ಕಾಗುವ ನಷ್ಟ ಅಬಕಾರಿ ಗಳಿಕೆಗಿಂತ ಹೆಚ್ಚು ಎಂದು ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು 2000ದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆ ಗಳಿಕೆಯಲ್ಲಿ ನೂರಕ್ಕೆ ಒಂದು ರೂಪಾಯಿ ತೆಗೆದಿಟ್ಟರೂ 300 ಕೋಟಿ.

ಬೆಳ್ತಂಗಡಿ ತಾಲೂಕಿನ ಲಾಯಿಲದಲ್ಲಿರುವ ಧರ್ಮಸ್ಥಳದ ಕೇಂದ್ರದ ಹೆಸರಿನಲ್ಲೇ ವ್ಯಸನಮುಕ್ತಿಯ ಜೊತೆಗೆ ಸಂಶೋಧನೆ ಎಂಬ ಮಾತೂ ಇದೆ. ಮೂವತ್ತು ವರ್ಷಕ್ಕೂ ಮೀರಿದ ಅನುಭವ, ಶಿಬಿರ ಮುಗಿಸಿದವರ ಹೆಸರು ವಿಳಾಸ, ಊರೂರಲ್ಲಿ ಕಾರ್ಯಕರ್ತರು ಇಲ್ಲಿದ್ದಾರೆ. ಬೇರೆಡೆ ಇಷ್ಟನ್ನು ಜೋಡಿಸಲೇ ಸಂಶೋಧಕರಿಗೆ ವರ್ಷಗಳು ಬೇಕಾಗುತ್ತವೆ. ಕೇಳಬೇಕಾದ ಪ್ರಶ್ನೆಗಳೂ ಸರಳ. ಎಂಟು ದಿನ ಸಾಕೇ, ಹದಿನೈದು ಬೇಕೇ? ಹಿಡಿದು ನಿಲ್ಲಿಸುವುದು ಶಿಬಿರವೋ, ಆಮೇಲಿನ ನವಜೀವನ ಸಮಿತಿಯೋ? ಹೆಂಡತಿ ಜೊತೆಗೆ ಬಂದವರಿಗೂ ಬಾರದವರಿಗೂ ವ್ಯತ್ಯಾಸವೇನು? ಉತ್ತರಕ್ಕೆ ಬೇಕಾದದ್ದು ಮೂರನೇ ತಿಂಗಳು, ಹನ್ನೆರಡನೇ ತಿಂಗಳು ಪ್ರತಿ ಮನೆಗೆ ಹೋಗಿ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳುವ ಜನ, ಅದೂ ಶಿಬಿರಕ್ಕೆ ಸೇರದ, ಫಲ ಏನಾದರೂ ಬೇಸರವಿಲ್ಲದ ಜನ. ಅವರಿಗೆ ಸಂಬಳ, ಬಸ್ಸಿನ ಖರ್ಚು, ಎರಡು ವರ್ಷದ ಕಾಲ. ಶಿಬಿರದ ಊಟಕ್ಕೆ ಮುಡಿ ಅಕ್ಕಿ ಕೊಡುವ ದಾನಿಗಳು ಈ ಊರಲ್ಲಿ ಸಿಗುತ್ತಾರೆ, ಈ ಬಸ್ ಟಿಕೇಟಿಗೆ ಕೊಡುವವರನ್ನು ಹುಡುಕಬೇಕಾಗಿದೆ.