ನಿಮಗಿದು ಗೊತ್ತೇ? ಕರಿಕಲ್ಲಿನಡಿಯ ನೀರಿನ ಜಮಾ–ಖರ್ಚು

● ವಿಜಯಪುರ, ತಿಕೋಟಾ, ಬಬಲೇಶ್ವರದ ನೆಲದಡಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲು. ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲದು. ಶಿಥಿಲವಾದ ಮೇಲ್ಪದರ, ತೂತು ತೂತಾದ ಕಲ್ಲು, ಬಿರುಕುಗಳೇ ಅದರ ನೆಲೆ. ಒಂದು ಬೋರಿಗೆ ನೀರು ಬಿದ್ದು, ಪಕ್ಕದ ಹೊಲದ ಬೋರಿನಲ್ಲಿ ಬರೀ ಧೂಳು ಹಾರುವುದು ಇದಕ್ಕೇ.

● ವರ್ಷಕ್ಕೆ 600 ಮಿ.ಮೀ. ಮಳೆಯಾದರೆ ಒಂದು ಎಕರೆಗೆ ಬೀಳುವ ನೀರು 24 ಲಕ್ಷ ಲೀಟರ್. ಶಿಥಿಲ ಕರಿಕಲ್ಲಿನ ನೆಲದಲ್ಲಿ ಇಂಗುವುದು ನೂರಕ್ಕೆ ಏಳು ಪಾಲು ಎಂಬುದು ಸರ್ಕಾರಿ ಅಂತರ್ಜಲ ಲೆಕ್ಕದ ಮಾನದಂಡ. ಅಂದರೆ 1.7 ಲಕ್ಷ ಲೀಟರ್: 5,000 ಲೀಟರಿನ 34 ಟ್ಯಾಂಕರ್, ಅಷ್ಟೇ!

● ಅದೇ ಲೆಕ್ಕದಲ್ಲಿ ಈ ಕಲ್ಲು ತನ್ನ ಗಾತ್ರದ ನೂರಕ್ಕೆ ಎರಡು ಪಾಲು ಮಾತ್ರ ನೀರು ಬಿಟ್ಟುಕೊಡುತ್ತದೆ. ಒಂದು ಎಕರೆಯಡಿ ಹದಿನಾರು ಟ್ಯಾಂಕರ್ ನೀರೆತ್ತಿದರೆ ಮಟ್ಟ ಒಂದು ಮೀಟರ್ ಕುಸಿದಂತೆ.

● ಬೋರಿನ ನೀರಿಗೂ ವಯಸ್ಸುಂಟು. ಅದರಲ್ಲಿ ಟ್ರಿಟಿಯಂ (ವಿಕಿರಣಶೀಲ ಜಲಜನಕ) ಕಾಣದಿದ್ದರೆ ಅದು 1950ರ ದಶಕದ ಅಣುಬಾಂಬ್ ಪರೀಕ್ಷೆಗಳಿಗಿಂತ ಹಿಂದಿನ ಮಳೆ. ಇನ್ನೂ ಹಳತಾದರೆ ಕಾರ್ಬನ್–14 ಹೇಳುತ್ತದೆ. ಇಂಥ ನೀರು ಒಮ್ಮೆ ಖಾಲಿಯಾದರೆ ನಮ್ಮ ಕಾಲದಲ್ಲಿ ಮರಳಿ ತುಂಬುವ ಭರವಸೆಯಿಲ್ಲ.

● ವಿಜಯಪುರವನ್ನಾಳಿದ ಆದಿಲ್‌ಶಾಹಿಗಳು ತೊರವಿಯಿಂದ ನಗರಕ್ಕೆ ನೀರು ತಂದದ್ದು ನೆಲದೊಳಗಿನ ಸುರಂಗದಲ್ಲಿ. ದಾರಿಯಲ್ಲಿ ಕೊಳವೆಗಳ ಒತ್ತಡ ತಗ್ಗಿಸಲು, ಹೂಳು ತಳಕ್ಕಿಳಿಯಲು ಕಟ್ಟಿದ ಗೋಪುರಗಳೇ ‘ಗಂಜ್’.

● ತಾಜ್ ಬಾವಡಿ ಕಟ್ಟಿದ್ದು 1620ರಲ್ಲಿ, ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಕಾಲಕ್ಕೆ. ಬೇಗಂ ತಲಾಬ್ 1651ರದು, ಮಹಮ್ಮದ್ ಆದಿಲ್‌ಶಾಹನದು. ಬಬಲೇಶ್ವರ ತಾಲೂಕಿನ ಮಮದಾಪುರ ಕೆರೆಯೂ ಅವನ ಕಾಲದ್ದೇ.

● ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್, ವಿಜಯಪುರ ನಗರ ಇರುವುದು 590 ಮೀಟರ್ ಆಸುಪಾಸು. ಕೃಷ್ಣೆ ತಾನಾಗಿ ಇಲ್ಲಿಗೆ ಹತ್ತಲಾರಳು, ಪಂಪು ಬೇಕು. ತುಬಚಿ–ಬಬಲೇಶ್ವರ ಏತ ನೀರಾವರಿಯೂ ಹೀಗೆಯೇ. ಹೀಗೆ ಎತ್ತಿದ ನೀರಿನಿಂದ ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೆ ಮಳೆಯ ಜತೆ ಇನ್ನೊಂದು ಜಮೆ.

● ಗಣಿಯಲ್ಲಿ ಕಥೆ ತಿರುವುಮುರುವು: ಅಲ್ಲಿ ನೀರೇ ಕಾಟ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯಲ್ಲಿ ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು.

● ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಂ ಗಣಿಗೂ ಅದರ ಪಟ್ಟಣ ರಾಕ್ಸ್‌ಬಿ ಡೌನ್ಸ್‌ಗೂ ನೀರು ಬರುವುದು ಗ್ರೇಟ್ ಆರ್ಟೀಸಿಯನ್ ಜಲಾಶ್ರಯದಿಂದ. ಅಲ್ಲಿನ ಕೆಲವೆಡೆ ನೀರಿಗೆ ಹತ್ತು ಲಕ್ಷ ವರ್ಷ ದಾಟಿದೆ!

● ಅಂತರ್ಜಲದ ನಾಳೆಯನ್ನು ಅಂದಾಜಿಸುವ ‘ಮಾಡ್‌ಫ್ಲೋ’ ತಂತ್ರಾಂಶವನ್ನು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ 1984ರಲ್ಲಿ ಪ್ರಕಟಿಸಿತು, ಇಂದಿಗೂ ಉಚಿತ. ನೆಲವನ್ನು ಚೌಕಗಳಾಗಿ ಸೀಳಿ, ಪ್ರತಿ ಚೌಕಕ್ಕೆ ಎಷ್ಟು ನೀರು ಬಂತು, ಎಷ್ಟು ಹೋಯಿತು ಎಂದು ಲೆಕ್ಕ ಹಾಕುತ್ತದೆ. ಬಿರುಕುಗಳಲ್ಲೇ ನೀರು ಓಡುವ ಕರಿಕಲ್ಲು ಅದಕ್ಕೆ ಕಠಿಣ ಪರೀಕ್ಷೆ.

● ವರ್ಷದಲ್ಲಿ ಬಳಸಲು ಸಿಗುವ ಅಂತರ್ಜಲದ ನೂರಕ್ಕೆ 70ರೊಳಗೆ ಎತ್ತಿದರೆ ತಾಲೂಕು ‘ಸುರಕ್ಷಿತ’. 100 ದಾಟಿದರೆ ‘ಅತಿ ಬಳಕೆ’. ಆದರೆ ತಾಲೂಕಿನ ಸರಾಸರಿಯಲ್ಲಿ ನಿಮ್ಮ ಬಾವಿಯ ಸ್ಥಿತಿ ಕಾಣದು. ಮಳೆಗೆ ಮುನ್ನ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಹಗ್ಗ ಇಳಿಬಿಟ್ಟು ಅಳೆದು, ಗೋಡೆಯ ಮೇಲೆ ಬರೆದಿಡಿ. ಲೆಕ್ಕ ಶುರುವಾಗುವುದು ಅಲ್ಲಿಂದಲೇ.