ಇನ್ಸುಲಿನ್: ಜೀವಕೋಶದಿಂದ ಸೂಜಿಯ ತುದಿಯವರೆಗೆ

ವಾರ್ಷಿಕೋತ್ಸವ, ಅರಸಿನ ಕುಂಕುಮಗಳಂತೆಯೇ ಮಧುಮೇಹ ತಪಾಸಣಾ ಶಿಬಿರವೂ ಈಗ ಹೊರನಾಡಿನ ಕನ್ನಡ ಸಂಘಗಳಲ್ಲಿ ರೂಢಿಯಾಗಿದೆ. ಇಂಥ ಶಿಬಿರಗಳಲ್ಲಿ ವೈದ್ಯರಿಗೆ ಎದುರಾಗುವ ಪ್ರಶ್ನೆಯೊಂದಿದೆ: "ಡಾಕ್ಟ್ರೇ, ಇನ್ಸುಲಿನ್ ಚುಚ್ಚಿಸಿಕೊಳ್ಳಲೇಬೇಕೇ? ಮಾತ್ರೆಯಾಗಿ ನುಂಗಬಾರದೇ?" ಇನ್ಸುಲಿನ್ ಒಂದು ಪ್ರೋಟೀನ್. ನುಂಗಿದರೆ ಬೇಳೆ, ಮೊಸರಿನ ಪ್ರೋಟೀನಿನ ಹಾಗೆಯೇ ಜೀರ್ಣವಾಗಿ ಹೋಗುತ್ತದೆ. ಸ್ವಾರಸ್ಯವೆಂದರೆ, ನೂರು ವರ್ಷಗಳ ಹಿಂದೆ ಅದನ್ನು ಜೀವಕೋಶಗಳಿಂದ ಹೊರತೆಗೆಯಲು ಹೊರಟವರನ್ನು ಕಾಡಿದ್ದೂ ಇದೇ ತೊಡಕು.

ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ದ್ವೀಪಗಳಂತಿರುವ ಸಣ್ಣ ಕೋಶಸಮೂಹಗಳು ಇನ್ಸುಲಿನ್ ತಯಾರಿಸುತ್ತವೆ. ಉಳಿದ ಹೆಚ್ಚಿನ ಭಾಗ ತಯಾರಿಸುವುದು ಜೀರ್ಣಕಾರಿ ಕಿಣ್ವಗಳನ್ನು. ಇವೆರಡೂ ಬೇರೆ ಬೇರೆ ಇರುವ ತನಕ ತೊಂದರೆಯಿಲ್ಲ. ಗ್ರಂಥಿಯನ್ನು ಅರೆದರೆ ಎಲ್ಲವೂ ಬೆರೆತು, ಕಿಣ್ವಗಳು ಇನ್ಸುಲಿನ್ನನ್ನೇ ಕತ್ತರಿಸಿಬಿಡುತ್ತವೆ. ಕೋಶ ಒಡೆಯುವುದು ಸುಲಭ. ಹೊರಬಂದದ್ದನ್ನು ಉಳಿಸಿಕೊಳ್ಳುವುದೇ ಕಷ್ಟ.

1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ, ಪ್ರೊ. ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ, ಶಸ್ತ್ರವೈದ್ಯ ಫ್ರೆಡರಿಕ್ ಬಾಂಟಿಂಗ್ ಮತ್ತು ವಿದ್ಯಾರ್ಥಿ ಚಾರ್ಲ್ಸ್ ಬೆಸ್ಟ್ ಈ ಕೆಲಸಕ್ಕಿಳಿದರು. ನಾಯಿಯ ಗ್ರಂಥಿಯ ನಾಳವನ್ನು ಕಟ್ಟಿ, ಕಿಣ್ವದ ಕೋಶಗಳು ಸೊರಗಿದ ಮೇಲೆ ಉಳಿದುದನ್ನು ಅರೆಯುವುದು ಅವರ ಉಪಾಯ. ಫಲ ಕಂಡಿತಾದರೂ ಅದು ವಾರಗಟ್ಟಲೆ ಹಿಡಿಯುವ ಕೆಲಸ. ವರ್ಷಾಂತ್ಯಕ್ಕೆ, ಕಸಾಯಿಖಾನೆಯಿಂದ ತಂದ ದನದ ಗ್ರಂಥಿಯನ್ನು ಆಲ್ಕೊಹಾಲಿನಲ್ಲಿ ಅರೆದರೆ ಸಾಕೆಂದು ತಿಳಿಯಿತು; ಅಲ್ಲಿ ಕಿಣ್ವಗಳ ಆಟ ನಡೆಯುವುದಿಲ್ಲ.

1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ 14ರ ಹುಡುಗ ಲಿಯೊನಾರ್ಡ್ ಥಾಮ್ಸನ್‌ಗೆ ಆ ದ್ರವವನ್ನು ಚುಚ್ಚಲಾಯಿತು. ಅಂದಿನ ಏಕೈಕ ಚಿಕಿತ್ಸೆಯಾದ ಅರೆಹೊಟ್ಟೆಯಿಂದ ಆತ ಎಲುಬಿನ ಗೂಡಾಗಿದ್ದ. ಸಕ್ಕರೆ ಇಳಿದದ್ದು ಸ್ವಲ್ಪ. ಚುಚ್ಚಿದ ಜಾಗದಲ್ಲಿ ಕೀವಾಯಿತು. ದ್ರವದಲ್ಲಿ ಬೇಡದ ಪ್ರೋಟೀನುಗಳು ಉಳಿದಿದ್ದವು. ಚಿಕಿತ್ಸೆ ನಿಂತಿತು.

ಆಗ ನೆರವಾದವರು ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್. ಆಲ್ಕೊಹಾಲಿನ ಪ್ರಮಾಣ ಏರಿಸುತ್ತ ಹೋದರೆ ಬೇಡದ ಪ್ರೋಟೀನುಗಳು ಮೊದಲೇ ತಳ ಸೇರುತ್ತವೆ. ಇನ್ಸುಲಿನ್ ಮಾತ್ರ ಕರಗಿಯೇ ಇದ್ದು, ಪ್ರಮಾಣ ಸುಮಾರು ಶೇಕಡಾ 90 ದಾಟಿದಾಗ ಬೇರ್ಪಡುತ್ತದೆ. ಇದನ್ನು ಅವರು ಕಂಡುಕೊಂಡದ್ದು ಹನ್ನೆರಡೇ ದಿನಗಳ ವಿರಾಮದಲ್ಲಿ. ಜನವರಿ 23ರಂದು ಮತ್ತೆ ಚುಚ್ಚುಮದ್ದು ಆರಂಭವಾಯಿತು. ಹುಡುಗ ಚೇತರಿಸಿಕೊಂಡು ಇನ್ನೂ 13 ವರ್ಷ ಬಾಳಿದ. 1923ರ ನೊಬೆಲ್ ಬಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಪಾಲಾಯಿತು. ಬಾಂಟಿಂಗ್ ತಮ್ಮ ಹಣದಲ್ಲಿ ಬೆಸ್ಟ್‌ಗೂ, ಮ್ಯಾಕ್ಲಿಯಾಡ್ ಕಾಲಿಪ್‌ಗೂ ಪಾಲು ಕೊಟ್ಟರು. ನಮ್ಮ ಅಭಿಪ್ರಾಯದಲ್ಲಿ ಕಾಲಿಪ್ ಹೆಸರಿಗೆ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲ.

ಮುಂದೆ ದಶಕಗಳ ಕಾಲ ಹಂದಿ, ದನಗಳ ಗ್ರಂಥಿಗಳೇ ಮೂಲ. ಸಸ್ಯಾಹಾರಿ ಹಿರಿಯರ ಹಿಂಜರಿಕೆಗೆ ಅದೂ ಒಂದು ಕಾರಣವಾಗಿತ್ತು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮಾನವ ಇನ್ಸುಲಿನ್ನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದರು. ಬ್ಯಾಕ್ಟೀರಿಯಾದ ಒಳಗೆ ಅದು ಗಂಟುಗಟ್ಟುವುದರಿಂದ ಕೋಶ ಒಡೆದು, ಗಂಟು ಕರಗಿಸಿ, ಪ್ರೋಟೀನನ್ನು ಸರಿಯಾಗಿ ಮಡಚಬೇಕು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಹೊರತಂದ ಇನ್ಸುಜೆನ್ ಪಿಕಿಯಾ ಎಂಬ ಯೀಸ್ಟಿನದು. ಅದು ಇನ್ಸುಲಿನ್ನಿನ ಪೂರ್ವರೂಪವನ್ನು ತಾನೇ ದ್ರವಕ್ಕೆ ಬಿಡುತ್ತದೆ; ಕೋಶ ಒಡೆಯುವ ಗೋಜಿಲ್ಲ.

ಪ್ರಯೋಗಾಲಯಗಳಲ್ಲಿ ಪ್ರೋಟೀನ್ ತೆಗೆಯುವವರು ಇಂದಿಗೂ ಮಂಜುಗಡ್ಡೆ ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡುತ್ತಾರೆ. ಮನೆಯಲ್ಲಿ ತೆರೆಯದ ಇನ್ಸುಲಿನ್ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಸಾಕು. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿದ್ದರೆ, ಕರಗಿದ ಮೇಲೂ ಬಳಸತಕ್ಕದ್ದಲ್ಲ.